ಸಿದ್ದಣ್ಣನವರ ಫೆಬ್ರುವರಿ

ಸಿದ್ದಣ್ಣನವರು ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಆಮ್‌ಸ್ಟರ್‌ಡಾಮಿನಿಂದ ಹತ್ತು ತಾಸು ವಿಮಾನದಲ್ಲಿ ಕೂತು, ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ, ಕೆರಿಬಿಯನ್ನಿನ ಕ್ಯುರಸಾವ್ ದ್ವೀಪದ ಪಶ್ಚಿಮದ ಕೊನೆಯಲ್ಲಿದ್ದ ಮೂರು ಕೋಣೆಗಳ ಒಂದು ಅತಿಥಿಗೃಹಕ್ಕೆ ಬಂದು ಸೇರಿದ ಮೇಲೆ, ಉಳಿದ ಅತಿಥಿಗಳೆಲ್ಲ ಇಂದ್ರನೀಲದಂಥ ಆ ನೀರಿನ ಕಡೆಗೆ ತಮ್ಮ ಕುರ್ಚಿಗಳನ್ನು ಎಳೆದುಕೊಳ್ಳುತ್ತಿದ್ದರೆ, ಇವರು ಮಾತ್ರ ತಮ್ಮ ಕುರ್ಚಿಯನ್ನು ನಿಧಾನವಾಗಿ ತಿರುಗಿಸಿ, ಹಿತ್ತಲಿನ ಕಳ್ಳಿಬೇಲಿ, ಮುಳ್ಳುಗಿಡ, ಮೇಯುವ ಆಡು ಇವುಗಳ ಎದುರು ಪ್ರತಿಷ್ಠಾಪಿಸಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಡುತ್ತಿದ್ದರು. ೨೦೧೯ರಲ್ಲಿ ಅವರ ಜೊತೆ ನಾನೂ ಒಮ್ಮೆ ಹೋಗಿದ್ದೆನಾದ್ದರಿಂದ ಇದು ಕೇಳಿದ ಮಾತಲ್ಲ, ಕಂಡದ್ದು.

"ಸಮುದ್ರ ಆ ಕಡೆ ಇದೆ," ಅಂದಿದ್ದೆ ನಾನು.

"ಗೊತ್ತೈತ್ರಿ ಸರ," ಅಂದರು. "ಅದೇನು ಎಲ್ಲಿಗೂ ಹೋಗಂಗಿಲ್ಲ."

ಹೊಲಾಂಡಿನ ಜೂಟರ್‌ಮೀರ್‌ನಲ್ಲಿ ಅವರ ಮನೆಯೂ ನನ್ನ ಮನೆಯೂ ಎದುರುಬದುರು. ನಡುವೆ ಇರುವುದು ಸೈಕಲ್ಲಿನ ದಾರಿ ಮತ್ತು ಒಂದು ಸಣ್ಣ ಕಾಲುವೆ. ನನ್ನ ಅಡಿಗೆಮನೆಯ ಕಿಟಕಿಯಿಂದ ಹನ್ನೊಂದು ವರ್ಷ ಅವರು ಕೆಲಸಕ್ಕೆ ಹೋಗುವುದನ್ನೂ ಬರುವುದನ್ನೂ ನೋಡಿದ್ದೇನೆ. ಹಿಮ್ಮಡಿಯನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಎತ್ತಿ, ಹೆಜ್ಜೆಹೆಜ್ಜೆಗೂ ಪಾದವನ್ನು ಯಾವುದೋ ಅಂಟಿನಿಂದ ಬಿಡಿಸಿಕೊಳ್ಳುವವರಂತೆ ಅವರು ನಡೆಯುವುದು. ನಾನು ಮೈಸೂರು ಕಡೆಯವನು. ಮಳೆ ಬಿದ್ದ ಮಾರನೆಯ ದಿನ ಎರೆಮಣ್ಣಿನ ಹೊಲದಲ್ಲಿ ನಡೆದು ಬೆಳೆದವರ ನಡಿಗೆ ಅದೆಂದು ಅವರ ಹೆಂಡತಿ ವತ್ಸಲಾ ಹೇಳುವ ತನಕ ನನಗೆ ತಿಳಿದಿರಲಿಲ್ಲ. ಮೈಮೇಲೆ ಹದಿನೆಂಟು ವರ್ಷದ ಒಂದು ಮಣ್ಣುಬಣ್ಣದ ಕೋಟು. ಅದರ ಮೂರನೆಯ ಗುಂಡಿ ಎಂದೋ ಬಿದ್ದುಹೋಗಿ ಆ ಜಾಗದಲ್ಲಿ ಅಂಗಿಯ ಬಿಳಿಗುಂಡಿಯೊಂದು ಬಂದು ಕೂತಿತ್ತು. ವರ್ಷದ ಮುಕ್ಕಾಲು ಪಾಲು ಮಳೆ ಹನಿಯುವ ಈ ದೇಶದಲ್ಲಿ ಅವರು ಕೊಡೆ ಹಿಡಿದದ್ದನ್ನು ನಾನು ಕಂಡಿಲ್ಲ. "ಕೊಡಿ ಹಿಡದ್ರ ಮಳಿಗೆ ಮರ್ಯಾದಿ ಕೊಟ್ಟಂಗ ಆಕೈತ್ರಿ," ಎನ್ನುತ್ತಿದ್ದರು.

ಅವರ ಉದ್ಯೋಗವೂ ನೀರಿನದೇ. ಡೆಲ್ಫ್ಟ್‌ನ ಒಂದು ಸಂಸ್ಥೆಯಲ್ಲಿ, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಹೊಲಗದ್ದೆಗಳಿಂದ ಯಾವ ಪಂಪು ಎಷ್ಟು ನೀರನ್ನೆತ್ತಿ ಯಾವ ಕಾಲುವೆಗೆ ಚೆಲ್ಲಬೇಕು ಎಂದು ಲೆಕ್ಕ ಹಾಕುವುದು. ಇಪ್ಪತ್ತೈದು ವರ್ಷ ಆ ಕೆಲಸ ಮಾಡಿದ ಮೇಲೆ ‘ಸುಮಾರು’ ಎಂಬ ಶಬ್ದ ಅವರ ಬಾಯಿಯಿಂದ ಪೂರ್ತಿ ಮರೆಯಾಗಿತ್ತು. ಮಳೆ ಎಷ್ಟು ಬಂತು ಎಂದು ಲೋಕಾಭಿರಾಮವಾಗಿ ಕೇಳಿದರೂ ದಶಾಂಶದೊಂದಿಗೇ ಉತ್ತರ ಬರುತ್ತಿತ್ತು. ಹೇಳಿ ಮುಗಿಸಿದ ಮೇಲೆ, ಮಾತಿಗೆ ಬಾಗಿಲು ಹಾಕುವಂತೆ, "ಆತ್ ಬಿಡ್ರಿ" ಎಂಬ ಒಂದು ನಿಟ್ಟುಸಿರು. ದಣಿವು ಅವರಿಗೆ ಕೋಟಿನಂತೆ ಮೈಗೆ ಒಗ್ಗಿಹೋಗಿತ್ತು. ಅವರೂ ಅದನ್ನು ಬದಲಿಸುವ ಯೋಚನೆ ಮಾಡಿದಂತೆ ಕಾಣಲಿಲ್ಲ.

ಬಾಗಲಕೋಟೆ ಸೀಮೆಯಲ್ಲಿ, ಕೃಷ್ಣೆಯ ದಂಡೆಯಲ್ಲಿ ಅವರ ಊರು. ‘ಇತ್ತು’ ಎನ್ನಬೇಕು, ಅದು ಮುಳುಗಡೆಯ ಊರು. ಅಣೆಕಟ್ಟಿನ ಹಿನ್ನೀರು ಏರಿದಾಗ ಸಿದ್ದಣ್ಣನವರು ಡೆಲ್ಫ್ಟ್‌ನಲ್ಲಿ ಜಲಶಾಸ್ತ್ರದ ಉನ್ನತ ವ್ಯಾಸಂಗದಲ್ಲಿದ್ದರು. ಮನೆಯ ಬಾಗಿಲು, ತೊಲೆ, ಹೊಸ್ತಿಲುಗಳನ್ನು ಬಿಚ್ಚಿ ಲಾರಿಗೆ ಹೇರಿದ ಸಂಗತಿಯನ್ನು ಅಣ್ಣ ಟೆಲಿಫೋನಿನಲ್ಲಿ ಹೇಳಿದನಂತೆ. ಎರಡು ವರ್ಷದ ಮೇಲೆ ಊರಿಗೆಂದು ಹೋದವರು, ಊರಿನವರಿಗೆಲ್ಲ ಕೊಟ್ಟಿದ್ದ ಪುನರ್ವಸತಿ ಕೇಂದ್ರದ ನಂಬರಿನ ಮನೆಯಲ್ಲಿ ನಾಲ್ಕು ದಿನ ಉಳಿದು, ಐದನೆಯ ದಿನ ನೀರಿನಂಚಿಗೆ ಹೋಗಿ, ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬನನ್ನು, ತಮ್ಮ ಹೊಲವಿದ್ದ ದಿಕ್ಕಿಗೆ ಕೈ ತೋರಿಸಿ, ಅಲ್ಲಿ ಆಳ ಎಷ್ಟಿದೆ ಎಂದು ಕೇಳಿದರಂತೆ. "ಎರಡಾಳು" ಎಂದನಂತೆ ಆತ. "ಅಂದ್ರ ಮೂರು ಪಾಯಿಂಟ್ ನಾಲ್ಕು ಮೀಟರ್ ಹಿಡೀರಿ," ಎಂದು ನನಗೆ ವಿವರಿಸಿದರು ಸಿದ್ದಣ್ಣನವರು, ಚಹಾದ ಲೋಟವನ್ನು ಮೇಜಿನ ಮೇಲಿಡುತ್ತ. "ಆತ್ ಬಿಡ್ರಿ."

ಕ್ಯುರಸಾವ್‌ಗೆ ಅವರು ಮೊದಲ ಸಲ ಹೋದದ್ದು ೨೦೦೫ರ ಫೆಬ್ರುವರಿಯಲ್ಲಿ, ವತ್ಸಲಾ ಅವರ ಹಟಕ್ಕೆ. ಆ ದ್ವೀಪ ಡಚ್ಚರ ರಾಜ್ಯಕ್ಕೇ ಸೇರಿದ್ದು, ಭಾಷೆ ನಡೆಯುತ್ತದೆ, ಚಳಿ ತಪ್ಪುತ್ತದೆ, ಆಫೀಸಿನವರೆಲ್ಲ ಹೋಗಿಬರುತ್ತಾರೆ ಎಂಬುದು ವತ್ಸಲಾ ಅವರ ವಾದ. ಹುಬ್ಬಳ್ಳಿಯ ಪೇಟೆಯಲ್ಲಿ ಬೆಳೆದ ಆಕೆಗೆ ಸಮುದ್ರವೆಂದರೆ ಆಸೆ. ಮಗಳು ನಿಹಾರಿಕಾಗೆ ಆಗ ಎರಡು ವರ್ಷ. ಮೂರನೆಯ ದಿನ ಬೆಳಿಗ್ಗೆ ಮಗು ಒಂದು ಆಡಿನ ಮರಿಯನ್ನು ಅಟ್ಟಿಸಿಕೊಂಡು ಹಿತ್ತಲಿಗೆ ಓಡಿತು. ಮಗುವಿನ ಹಿಂದೆ ಅಪ್ಪ ಓಡಿದರು. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ವತ್ಸಲಾ ಹುಡುಕಿಕೊಂಡು ಹೋಗಿ ನೋಡಿದರೆ, ಕಳ್ಳಿಬೇಲಿಯ ಆಚೆ, ಎದೆಮಟ್ಟ ಬೆಳೆದು ತೆನೆ ಬಾಗಿ ನಿಂತ ಜೋಳದ ಹೊಲ. ಮುಸುಕಿನ ಜೋಳವಲ್ಲ, ನಮ್ಮ ರೊಟ್ಟಿಯ ಜೋಳ. ಕಾಳು ಮಾತ್ರ ತುಸು ಕೆಂಪು. ಅದರ ನಡುವೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಡ.

"ಅಳಾಕತ್ತಾರ ಅಂತ ತಿಳ್ಕೊಂಡೆ ನಾ," ಎಂದು ವತ್ಸಲಾ ನನಗೆ ಹೇಳಿದ್ದರು. "ಹತ್ರ ಹೋಗಿ ನೋಡಿದ್ರ, ತೆನಿ ಎಣಸಾಕತ್ತಿದ್ರು."

ಆ ಹೊಲದ ಒಡತಿಯೇ ಅತಿಥಿಗೃಹದ ಒಡತಿ ಕೂಡ. ಎಲ್ವಿರಾ ಎಂದು ಹೆಸರು; ಆಗಲೇ ಅರವತ್ತು ದಾಟಿದ, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿದ, ನಗುವುದಕ್ಕಿಂತ ಗದರುವುದರಲ್ಲೇ ಪ್ರೀತಿ ತೋರಿಸುವ ಕರಿಯ ಹೆಂಗಸು. ಆಫ್ರಿಕದಿಂದ ಹಡಗಿನಲ್ಲಿ ತುಂಬಿಸಿ ತಂದ ಗುಲಾಮರ ಜೊತೆ ಬಂದ ಬೆಳೆ ಅದು, ಮಳೆ ಕಡಿಮೆಯಿರುವ ಈ ದ್ವೀಪದಲ್ಲಿ ನಮ್ಮ ಅಜ್ಜಿಯರನ್ನು ಬದುಕಿಸಿದ್ದು ಅದೇ ಎಂದು ಆಕೆ ಹೇಳಿದಳು. ಸಿದ್ದಣ್ಣನವರು ತಮ್ಮ ಕಡೆ ಅದರ ಹಿಟ್ಟನ್ನು ತಟ್ಟಿ ಬೇಯಿಸುವ ಬಗೆಯನ್ನು ಹೇಳಿದರು. ಇಬ್ಬರೂ ಆಡಿದ್ದು ಡಚ್ಚಿನಲ್ಲಿ. ಇಬ್ಬರ ಮನೆಯ ಭಾಷೆಯೂ ಅಲ್ಲದ, ಇಬ್ಬರೂ ಬೇರೆಬೇರೆ ದಾರಿಯಿಂದ ಬಂದು ಸೇರಿದ್ದ ಆ ಭಾಷೆಯಲ್ಲಿ ಜೋಳದ ಕುರಿತು ಒಂದು ಇಡೀ ಮಧ್ಯಾಹ್ನ ಮಾತು ನಡೆಯಿತು. ನಾಲ್ಕನೆಯ ದಿನ ಎಲ್ವಿರಾ ಅವರ ಕೈಗೊಂದು ಕುಡುಗೋಲು ಕೊಟ್ಟಳು. ಅದು ಕೊಯ್ಲಿನ ಕಾಲ, ಆಳು ಸಿಕ್ಕಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಫೆಬ್ರುವರಿಯೂ ಕ್ಯುರಸಾವ್. ಅದೇ ಕೋಣೆ, ಅದೇ ಹದಿನಾಲ್ಕು ದಿನ. ಮೊದಮೊದಲು ವತ್ಸಲಾ ಅವರಿಗೂ ಸಂತೋಷವೇ. ನಿಹಾರಿಕಾ ಈಜು ಕಲಿತದ್ದು ಆ ಕೊಲ್ಲಿಯಲ್ಲಿ. ಆದರೆ ಗಂಡ ನಸುಕಿನಲ್ಲೇ ಎದ್ದು ಹೊಲಕ್ಕೆ ಹೋಗಿ, ಬಿಸಿಲೇರಿದ ಮೇಲೆ ಜೋಳದ ಗರಿಯ ಅಂಚು ಕೊಯ್ದ ಕೈಗಳನ್ನು ಹೊತ್ತು ಬಂದು, ಉಂಡು ಮಲಗುವ ರಜೆಯನ್ನು ಯಾವ ಹೆಂಡತಿ ಎಷ್ಟು ವರ್ಷ ಸಹಿಸಿಯಾಳು. ಒಂಬತ್ತನೆಯ ವರ್ಷಕ್ಕೆ ಆಕೆ ಪೆಟ್ಟಿಗೆ ಕಟ್ಟಲಿಲ್ಲ.

"ನಾ ಬರಂಗಿಲ್ಲ," ಅಂದರು. "ನಿಮ್ಮ ಬಾಗಲಕೋಟಿ ನೋಡಾಕ ಹತ್ತು ತಾಸು ವಿಮಾನದಾಗ ಕುಂದ್ರಬೇಕಾ ನಾ?"

ಸಿದ್ದಣ್ಣನವರು ಮಗಳೊಂದಿಗೆ ಹೋದರು. ನಿಹಾರಿಕಾ ಇನ್ನೆರಡು ವರ್ಷ ಜೊತೆಗೂಡಿ, ಹದಿಹರೆಯ ಬಂದ ಮೇಲೆ ಬಿಟ್ಟಳು; ಆಮೇಲೆ ಅವರೊಬ್ಬರೇ. ಗಂಡಹೆಂಡಿರಲ್ಲಿ ಜಗಳವಾಯಿತೆಂದಲ್ಲ, ಆದರೆ ವರ್ಷವರ್ಷವೂ ಆ ಎರಡು ವಾರ ವತ್ಸಲಾ ಎದುರುಮನೆಯ ಕಿಟಕಿಯ ಪರದೆಯನ್ನು ಎಳೆದೇ ಇಡುತ್ತಿದ್ದುದನ್ನು ನಾನು ಗಮನಿಸಿದ್ದೇನೆ. ಇಟಲಿ ನೋಡಬೇಕೆಂದು ಆಕೆಗೆ ಬಹಳ ಆಸೆಯಿತ್ತು. ಕಡೆಗೆ ಗೆಳತಿಯರ ಜೊತೆ ಹೋಗಿಬಂದರು.

ನಾನು ಅವರ ಜೊತೆ ಹೋಗಿದ್ದ ಆ ವರ್ಷ, ಹೊಲದ ಬದುವಿನ ಮೇಲೆ ಕೂತಿದ್ದಾಗ ಕೇಳಿದೆ: ಜೋಳ ಕೊಯ್ಯುವುದೇ ಆಗಬೇಕಿದ್ದರೆ, ಫೆಬ್ರುವರಿಯಲ್ಲಿ ನಿಮ್ಮ ಕಡೆಯೂ ಹಿಂಗಾರಿ ಸುಗ್ಗಿಯೇ ತಾನೇ, ಅಲ್ಲಿ ನೆಂಟರಿಷ್ಟರ ಹೊಲಗಳಿಗೇನು ಬರವೇ?

"ಹೋಗಿದ್ನೆಲ್ರಿ. ಮಾವನ ಹೊಲದಾಗ ಕಾಲಿಟ್ಟೆ. ಇಬ್ರು ಓಡಿ ಹೋಗಿ ಖುರ್ಚಿ ತಂದ್ರು. ಒಬ್ಬ ಕೊಡಿ ಹಿಡದ. ಅಲ್ಲಿ ನಾ ಸಾಹೇಬ್ರ ಆಗೇನಿ." ಆಮೇಲೆ ಎಲ್ವಿರಾ ಇದ್ದ ಕಡೆ ನೋಡಿ, "ಈಕಿ ಬೈತಾಳ್ರಿ," ಅಂದರು.

ಬೈಯುತ್ತಿದ್ದಳು, ನಿಜ. ಆ ಹೊತ್ತಿಗೂ ಹೊಲದ ಆ ಕೊನೆಯಿಂದ ಆಕೆಯ ದನಿ ಕೇಳುತ್ತಿತ್ತು: ಕೂತದ್ದು ಸಾಕು, ಬಿಸಿಲು ಏರುತ್ತಿದೆ, ನಿನ್ನ ಗೆಳೆಯನಿಗೆ ಏನೂ ಬಾರದಿದ್ದರೆ ಚೀಲವನ್ನಾದರೂ ಹಿಡಿಯಲಿ. ನಾನು ಚೀಲ ಹಿಡಿದೆ. ಜೂಟರ್‌ಮೀರ್‌ನ ಕಾಲುದಾರಿಯಲ್ಲಿ ಅಷ್ಟು ವಿಚಿತ್ರವಾಗಿ ಕಾಣುತ್ತಿದ್ದ ಅವರ ಆ ನಡಿಗೆ, ಸಾಲುಗಳ ನಡುವೆ ತೆನೆ ಮುರಿಯುತ್ತ ಸಾಗುವಾಗ ಯಾರ ಕಣ್ಣಿಗೂ ಬೀಳುವಂಥದ್ದಾಗಿರಲಿಲ್ಲ. ಆದರೆ ಅವರು ಸುಖವಾಗಿದ್ದರು ಎಂದು ಬರೆದರೆ ಸುಳ್ಳಾದೀತು. ಸಂಜೆ ಕುರ್ಚಿಯಲ್ಲಿ ಕೂತಾಗ ಅದೇ ದಣಿದ ಮುಖ. ಆ ದಣಿವಿಗೆ ಅಲ್ಲಿ ಕಾರಣವೊಂದಿತ್ತು, ಅಷ್ಟೇ. ಕಾರಣವಿರುವ ದಣಿವು ನಿದ್ದೆ ತರುತ್ತದೆ. ಅವರು ಎಂಟಕ್ಕೆಲ್ಲ ಮಲಗಿಬಿಡುತ್ತಿದ್ದರು.

ಸೋಂಕಿನ ವರ್ಷವೊಂದನ್ನು ಬಿಟ್ಟರೆ ಈ ಯಾತ್ರೆ ತಪ್ಪಲಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ಒಂದು ಫೋನು ಬಂತು. ಎಲ್ವಿರಾಳ ಮಗಳು. ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು, ಎಡಗಾಲು ಹೋಗಿದೆ, ಇಲ್ಲಿಗೆ ಕರೆತಂದಿದ್ದೇನೆ, ವೃದ್ಧರ ಆರೈಕೆಯ ಮನೆಯೊಂದರಲ್ಲಿ ಇದ್ದಾಳೆ, ನಿಮ್ಮ ಹೆಸರು ಹೇಳುತ್ತಿರುತ್ತಾಳೆ ಎಂದಳು. ಇಲ್ಲಿ ಅಂದರೆ ಎಲ್ಲಿ ಎಂದು ಸಿದ್ದಣ್ಣನವರು ಕೇಳಿದರು. ರೋಟರ್‌ಡಾಮ್ ಎಂದಳು. ಇಪ್ಪತ್ತು ವರ್ಷದಿಂದ ಆಕೆಯ ಮಗಳು ಅವರ ಮನೆಯಿಂದ ಅರ್ಧ ತಾಸಿನ ದಾರಿಯಲ್ಲಿ ವಾಸವಾಗಿದ್ದಳು. ಎಲ್ವಿರಾ ಯಾವಾಗಲೂ ‘ಮಗಳು ಹೊಲಾಂಡಿನಲ್ಲಿದ್ದಾಳೆ’ ಎನ್ನುತ್ತಿದ್ದಳೇ ಹೊರತು ಊರಿನ ಹೆಸರನ್ನು ಆಕೆ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ರೈಲು ಹತ್ತಿ ರೋಟರ್‌ಡಾಮಿಗೆ ಹೋಗತೊಡಗಿದರು. ಎರಡನೆಯ ಶನಿವಾರ ಹೊರಡುವಾಗ ವತ್ಸಲಾ, ಯಾರೂ ಕೇಳದೆಯೇ, ಬಟ್ಟೆಯಲ್ಲಿ ಸುತ್ತಿದ ನಾಲ್ಕು ಜೋಳದ ರೊಟ್ಟಿಯನ್ನು ಅವರ ಚೀಲದಲ್ಲಿಟ್ಟರು; ಮೂರನೆಯ ಶನಿವಾರ ತಾವೇ ಜೊತೆಗೆ ಹೊರಟರು. ಎಲ್ವಿರಾ ರೊಟ್ಟಿಗೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಹಿಟ್ಟು ಬೆಳ್ಳಗಿದೆ, ರುಚಿ ಸಾಲದು ಎಂದು ದೂರುತ್ತ ಪೂರ್ತಿ ತಿನ್ನುತ್ತಿದ್ದಳಂತೆ. ಹೊಲವನ್ನು ಪಕ್ಕದವರು ಬಿತ್ತಿದ್ದಾರೆ ಎಂಬುದು ಆಕೆಯ ಗಟ್ಟಿ ನಂಬಿಕೆ. ಜನವರಿಯ ಕೊನೆಗೆ ಅವರ ಕೈ ಹಿಡಿದು, "ನೀನು ಹೋಗುತ್ತೀಯಲ್ಲ? ಹಕ್ಕಿಗಳಿಗೆ ಬಿಡಬೇಡ," ಅಂದಳು.

"ಹೋಗುತ್ತೇನೆ," ಅಂದರು ಸಿದ್ದಣ್ಣನವರು.

ಹೋದರು. ಹದಿನಾಲ್ಕು ದಿನಕ್ಕೆಂದು ಹೋದವರು ಐದನೆಯ ದಿನ ಮಧ್ಯಾಹ್ನ ನನ್ನ ಬಾಗಿಲ ಗಂಟೆ ಒತ್ತಿದರು. ವತ್ಸಲಾ ಮಗಳನ್ನು ನೋಡಲು ಮಾಸ್ಟ್ರಿಕ್ಟ್‌ಗೆ ಹೋಗಿದ್ದರು. ಅವರ ಮನೆಯ ಇನ್ನೊಂದು ಕೀಲಿಕೈ ನನ್ನ ಹತ್ತಿರ ಇರುತ್ತಿತ್ತು. ಕೀಲಿಗೆ ಕೈ ಚಾಚಿದವರು ತೆಗೆದುಕೊಳ್ಳದೆ ಒಳಗೆ ಬಂದು, ಕೋಟನ್ನೂ ಬಿಚ್ಚದೆ, ಅಡಿಗೆಮನೆಯ ಕುರ್ಚಿಯಲ್ಲಿ ಕೂತರು. ನಾನು ನೀರು ಕೊಟ್ಟೆ.

"ಬಿತ್ತಿಲ್ರಿ," ಅಂದರು.

ಆಮೇಲೆ ಸ್ವಲ್ಪಸ್ವಲ್ಪವಾಗಿ ಹೇಳಿದರು. ಅತಿಥಿಗೃಹಕ್ಕೆ ಬೀಗ. ಎಲ್ವಿರಾಳ ಮಗಳು ಜಾಗವನ್ನು ಮಾರಿದ್ದಾಳೆ. ಅವಳ ತಪ್ಪೇನೂ ಇಲ್ಲ, ನೋಡಿಕೊಳ್ಳುವವರಾರು. ಅಮ್ಮನಿಗೆ ಹೇಳುವ ಧೈರ್ಯ ಬಂದಿಲ್ಲ, ಅಷ್ಟೇ. ಕಳ್ಳಿಬೇಲಿಯನ್ನು ಕಿತ್ತು, ಹೊಲವನ್ನು ಮಟ್ಟಸಮಾಡಿ, ಸಣ್ಣ ಜಲ್ಲಿ ಹರಡಿದ್ದಾರೆ; ರಜೆಗೆ ಬರುವವರ ಮನೆಗಳು ಏಳುತ್ತವಂತೆ, ಹೊಲವಿದ್ದಲ್ಲಿ ಕಾರು ನಿಲ್ಲಿಸುವ ಜಾಗ. ಇವರು ಊರೊಳಗೆ ಬೇರೆ ಕಡೆ ಕೋಣೆ ಹಿಡಿದು, ಮೂರು ದಿನವೂ ಬೆಳಿಗ್ಗೆ ಅಲ್ಲಿಗೆ ಹೋಗಿ ನಿಂತು ಬಂದಿದ್ದಾರೆ. ಮೂರನೆಯ ದಿನ ಕೆಲಸಗಾರನೊಬ್ಬ ಏನು ಬೇಕಿತ್ತೆಂದು ವಿನಯದಿಂದಲೇ ಕೇಳಿದನಂತೆ. ಏನು ಹೇಳಬೇಕೋ ತಿಳಿಯದೆ ವಿಮಾನ ನಿಲ್ದಾಣಕ್ಕೆ ಹೋದರಂತೆ.

"ಊರಾಗ ನೀರ ಬಂದಿತ್ತು. ಅಲ್ಲಿ ಜಲ್ಲಿ ಬಂತು," ಅಂದರು. ಅವರ ‘ಆತ್ ಬಿಡ್ರಿ’ಗಾಗಿ ನಾನು ಕಾದೆ. ಅಂದು ಅದು ಬರಲಿಲ್ಲ.

ಆ ಶನಿವಾರ ಹಳಿ ದುರಸ್ತಿಯೆಂದು ರೈಲು ಇರಲಿಲ್ಲ. ನನ್ನ ಕಾರಿನಲ್ಲಿ ಗಂಡಹೆಂಡಿರನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ವತ್ಸಲಾ, ಖರೆ ಹೇಳಿಬಿಡ್ರಿ, ಆಕಿ ಮಗಳಿಗೆ ಆಗದ್ದು ನಿಮಗಾದರೂ ಆಗಲಿ, ನಿಮಗೇನು ಸುಳ್ಳು ಹೇಳಾಕ ಬರತೈತೇನು ಎನ್ನುತ್ತಿದ್ದರು. ಅವರು ಹೂಂ ಎನ್ನುತ್ತಿದ್ದರು. ಎಲ್ವಿರಾ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದಳು. ನಾನು ಆರು ವರ್ಷದ ಹಿಂದೆ ಕಂಡ ಆ ಗದರುವ ದೇಹ ಅರ್ಧಕ್ಕರ್ಧ ಕುಗ್ಗಿತ್ತು. ತಲೆಗೆ ಸುತ್ತಿದ ಬಟ್ಟೆ ಮಾತ್ರ ಹಾಗೇ ಬಿಗಿಯಾಗಿತ್ತು.

"ಎಷ್ಟು ಚೀಲ?" ಅಂದಳು, ನಮಸ್ಕಾರಕ್ಕೂ ಮೊದಲು.

ಸಿದ್ದಣ್ಣನವರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು.

"ಆರು."

"ಹಕ್ಕಿ?"

"ಬೇಲಿಯ ಕಡೆ ಸ್ವಲ್ಪ ತಿಂದಿದ್ದವು. ಹೆಚ್ಚಿಲ್ಲ."

"ದಂಟು?"

"ಆಡುಗಳಿಗೆ ಹಾಕಿದೆ."

"ಕೈ ತೋರಿಸು," ಅಂದಳು ಎಲ್ವಿರಾ.

ಅವರು ಎರಡೂ ಅಂಗೈಗಳನ್ನು ಚಾಚಿದರು. ಪ್ರತಿವರ್ಷ ಈ ಹೊತ್ತಿಗೆ ಗರಿಯ ಗೀರುಗಳಿಂದ ತುಂಬಿರುತ್ತಿದ್ದ ಕೈಗಳು ಈಗ ಆಫೀಸಿನ ಕೈಗಳಾಗಿದ್ದವು, ನುಣುಪಾಗಿ, ಚೊಕ್ಕಟವಾಗಿ. ಆಕೆ ತನ್ನ ಹೆಬ್ಬೆರಳನ್ನು ಅವುಗಳ ಮೇಲೆ ನಿಧಾನವಾಗಿ ಆಡಿಸಿದಳು. ವತ್ಸಲಾ ಮುಖ ತಿರುಗಿಸಿದರು. ಬಹಳ ಹೊತ್ತಾದ ಮೇಲೆ ಎಲ್ವಿರಾ ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಮುಷ್ಟಿ ಮಾಡಿ, ಅವರಿಗೇ ಹಿಂತಿರುಗಿಸಿದಳು.

"ಈ ವರ್ಷ ಕೈಗವಸು ಹಾಕಿಕೊಂಡೆಯಾ?"

"ಹಾಕಿಕೊಂಡೆ."

"ಒಳ್ಳೆಯದಾಯಿತು," ಅಂದಳು. "ನಿನಗೂ ವಯಸ್ಸಾಯಿತು." ಆಮೇಲೆ ರೊಟ್ಟಿ ಎಲ್ಲಿ ಎಂದು ಕೇಳಿದಳು. ಆಕೆಗೆ ಎಲ್ಲವೂ ತಿಳಿಯಿತೆಂದು ಅಲ್ಲಿದ್ದ ನಮ್ಮ ಮೂವರಿಗೂ ಗೊತ್ತಾಯಿತು. ಹೊಲದ ಮಾತನ್ನು ಆಕೆ ಮತ್ತೆಂದೂ ಎತ್ತಲಿಲ್ಲ.

ಹಿಂದಿರುಗುವಾಗ ಹೆದ್ದಾರಿಗೆ ಬಂದ ಮೇಲೆ ಹಿಂದಿನ ಸೀಟಿನಿಂದ ವತ್ಸಲಾ ಕೇಳಿದರು: "ಆರು ಅಂತ ಯಾಕ ಅಂದ್ರಿ?"

"ಹ್ವಾದ ವರ್ಷ ಐದೂವರಿ ಇತ್ತು."

ವತ್ಸಲಾ ಒಂದಿಷ್ಟು ದೂರ ಬಂದ ಮೇಲೆ, "ಮುಂದಿನ ವಾರ ಹಿಟ್ಟು ಹೆಚ್ಚಿಗಿ ತರ್ರಿ. ನಾಕು ರೊಟ್ಟಿ ಸಾಲಂಗಿಲ್ಲ ಆಕಿಗೆ," ಅಂದರು.

ಎಲ್ವಿರಾ ನವೆಂಬರಿನಲ್ಲಿ ತೀರಿಕೊಂಡಳು. ಅಲ್ಲಿಯವರೆಗೆ ಒಂದು ಶನಿವಾರವೂ ತಪ್ಪಲಿಲ್ಲ. ಕಡೆಯ ತಿಂಗಳುಗಳಲ್ಲಿ ಸಿದ್ದಣ್ಣನವರಿಗಿಂತ ವತ್ಸಲಾ ಅವರೇ ಹೊರಡುವ ಅವಸರ ಮಾಡುತ್ತಿದ್ದರು. ಈ ಫೆಬ್ರುವರಿ ಬಂದಾಗ ಸಿದ್ದಣ್ಣನವರು ಅಭ್ಯಾಸಬಲದಿಂದ ಎರಡು ವಾರದ ರಜೆಗೆ ಅರ್ಜಿ ಹಾಕಿಬಿಟ್ಟಿದ್ದರು. ರಜೆ ಮಂಜೂರಾಗಿಯೂ ಇತ್ತು. ಹೊರಗೆ ದಿನವಿಡೀ ಸಣ್ಣ ಮಳೆ. ಎದುರುಮನೆಯ ಪರದೆ ಮಾತ್ರ ತೆರೆದಿತ್ತು, ಒಳಗೆ ಸೋಫಾದ ಮೇಲೆ ಮಧ್ಯಾಹ್ನದಲ್ಲೂ ನಿದ್ದೆ ಹೋದ ಅವರ ಪಾದಗಳು ಕಾಣುತ್ತಿದ್ದವು. ಮಾಸ್ಟ್ರಿಕ್ಟ್‌ನಿಂದ ಬಂದಿದ್ದ ನಿಹಾರಿಕಾ, ಒಂದು ಸಂಜೆ ನಾನೂ ಅಲ್ಲಿ ಕೂತಿದ್ದಾಗ, "ಅಪ್ಪಾ, ವಿ ಕುಡ್ ಜಸ್ಟ್ ಗೋ ಸಮ್‌ವೇರ್ ಎಲ್ಸ್. ಮೂರೂ ಜನ. ಇಟಲಿ?" ಎಂದು ಕೇಳಿದಳು.

ಅವರು ಮಗಳ ತಲೆ ಸವರಿದರು. "ಹೋಗೂಣಂತ ಅವ್ವಿ. ಈ ವರ್ಷ ಬ್ಯಾಡ. ಹೊಸಾದು ಏನರ ನೋಡಬೇಕಂದ್ರ ಕಣ್ಣು ದಣದಾವ."

ಲೋಕ ಸುತ್ತಿ ಬಂದವರನ್ನು ಕೂರಿಸಿಕೊಂಡು ನಾವು ಕಥೆ ಕೇಳುತ್ತೇವೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದವರನ್ನು, ಪಾಪ, ಕುತೂಹಲವಿಲ್ಲದವರು ಎಂದು ನಕ್ಕು ಬಿಡುತ್ತೇವೆ. ಇಂಥವರಲ್ಲಿ ಕೆಲವರು ನೆಲ ಕಳೆದುಕೊಂಡವರಿರುತ್ತಾರೆ. ಅವರು ಆ ಕುರಿತು ಗೋಳಾಡುವುದಿಲ್ಲ, ಯಾರ ಮೇಲೂ ದೂರು ಹೇಳುವುದಿಲ್ಲ. ಪರದೇಶದಲ್ಲಿ ಬೆನ್ನು ಬಗ್ಗಿಸಿ ದುಡಿಯುತ್ತಾರೆ, ಮಕ್ಕಳನ್ನು ಓದಿಸುತ್ತಾರೆ, ನೆರೆಯವರೊಂದಿಗೆ ಹಿತವಾಗಿರುತ್ತಾರೆ. ಮತ್ತು ಭೂಮಿಯ ಯಾವುದೋ ಮೂಲೆಯಲ್ಲಿ, ಯಾರದೋ ಹಿತ್ತಲಿನಲ್ಲಿ, ತಮ್ಮ ಕೈಗೆ ಗೊತ್ತಿರುವ ಕೆಲಸವೊಂದನ್ನು ಬೈಸಿಕೊಂಡು ಮಾಡುವ ಸಲುಗೆ ಸಿಕ್ಕಿದರೆ, ಅದನ್ನೇ ವರ್ಷಕ್ಕೆ ಹದಿನಾಲ್ಕು ದಿನದ ಊರೆಂದು ಎರವಲು ಪಡೆದು ಬದುಕಿಬಿಡುತ್ತಾರೆ. ಅಂಥ ಊರು ಯಾವ ದಫ್ತರದಲ್ಲೂ ನಮೂದಾಗಿರುವುದಿಲ್ಲ. ಅದು ಹೋದ ದಿನ ಪರಿಹಾರ ಕೊಡಲು ಅಧಿಕಾರಿ ಬರುವುದಿಲ್ಲ, ಮಾತಾಡಿಸಲು ಬಂಧುಗಳು ಬರುವುದಿಲ್ಲ. ಏಕೆಂದರೆ ನೋಡುವ ನಮ್ಮ ಕಣ್ಣಿಗೆ ಅವರು ಕಳೆದುಕೊಂಡದ್ದು ಬರೀ ಒಂದು ರಜೆ.